ಹೊಳೆಹಕ್ಕಿಗೆ ಬಿಟ್ಟ ಹೊಲ

ಹಿನ್ನೀರು ಎಷ್ಟು ಇಳಿಯಿತು ಎಂದು ನೋಡಲು ನಾನು ದಂಡೆಯಲ್ಲಿ ಒಂದು ಬಿದಿರಿನ ಗಳ ನೆಟ್ಟಿದ್ದೆ. ಅದಕ್ಕೆ ಗೇಣಿಗೊಂದರಂತೆ ಕಪ್ಪು, ಬಿಳಿ ಪಟ್ಟೆ ಬಳಿದಿದ್ದೆ. ದಿನಾ ಬೆಳಿಗ್ಗೆ ಟಿಕೆಟ್ ಖೋಲಿಯ ಬೀಗ ತೆಗೆಯುವ ಮೊದಲು ಅಲ್ಲಿಗೆ ಹೋಗಿ, ನೀರು ಎಷ್ಟನೆಯ ಪಟ್ಟೆಗೆ ನಿಂತಿದೆ ಎಂದು ಡೈರಿಯಲ್ಲಿ ಬರೆಯುವುದು ನನ್ನ ಮೊದಲ ಕೆಲಸ. ಅಲ್ಲಿಯ ನೆಲ ಸಪಾಟು. ನೀರು ಒಂದು ಪಟ್ಟೆ ಇಳಿದರೆ ಒಂದು ಹೊಲವೇ ಮೇಲೆ ಬರುತ್ತಿತ್ತು.

ಊರು ಬೀಳಗಿ ತಾಲೂಕಿನದು, ಅನಗವಾಡಿಯಿಂದ ಸ್ವಲ್ಪ ಆಚೆ, ಹೊಳೆಯ ದಂಡೆಗಿದೆ. ಅದು ನನ್ನ ತಾಯಿಯ ತವರು. ಬನಹಟ್ಟಿಯಲ್ಲಿ ಮಗ್ಗದ ಸದ್ದಿನೊಳಗೆ ಬೆಳೆದ ನಾನು ಪದವಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಸೋದರಮಾವನ ಮನೆಯಲ್ಲಿ ಉಳಿದೆ. ಊರವರೇ ಕಟ್ಟಿಕೊಂಡ ಪಕ್ಷಿ ರಕ್ಷಣಾ ಸಮಿತಿ ನನ್ನನ್ನು ಕಾರ್ಯದರ್ಶಿ ಎಂದು ನೇಮಿಸಿಕೊಂಡಿತ್ತು. ಹೆಸರು ದೊಡ್ಡದು. ಮಾಡುತ್ತಿದ್ದದ್ದು ಟಿಕೆಟ್ ಹರಿಯುವುದು, ಹಕ್ಕಿ ಎಣಿಸುವುದು, ಬಂದವರನ್ನು ಹಗ್ಗದ ಈಚೆ ನಿಲ್ಲಿಸುವುದು.

ಆಳಿಗೆ ಇಪ್ಪತ್ತು ರೂಪಾಯಿ, ಕಾರಿಗೆ ಐವತ್ತು, ದೊಡ್ಡ ಕ್ಯಾಮೆರಾ ಇದ್ದರೆ ನೂರು. ಟಿಕೆಟ್ಟಿನ ಹಿಂದೆ ನಾನೇ ಬರೆದುಕೊಟ್ಟ ಒಂದು ಸಾಲು ಅಚ್ಚಾಗಿತ್ತು: “ನಿಮ್ಮ ಈ ಹಣದಿಂದ ಹಕ್ಕಿಗಳಿಗೆ ಬಿಟ್ಟ ನೆಲ ಹಾಗೆಯೇ ಉಳಿಯುತ್ತದೆ.” ಭಾನುವಾರ ಜಮಖಂಡಿ, ಮುಧೋಳ, ಮಹಾಲಿಂಗಪುರದ ಕಡೆಯಿಂದ ಗಾಡಿಗಳು ಬರುತ್ತಿದ್ದವು. ಪ್ರತಿ ಗಾಡಿಗೂ ಒಂದು ತಕರಾರು ಇದ್ದೇ ಇರುತ್ತಿತ್ತು.

“ಹಕ್ಕಿ ನೋಡಾಕೂ ರೊಕ್ಕ ಏನವಾ? ನಿಮ್ಮ ಮನಿ ಕೋಳಿ ಏನು ಅವು?” ಎಂದು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ಕೇಳಿದ್ದರು.

“ಕೋಳಿ ಆಗಿದ್ರ ಇಪ್ಪತ್ತ ರೂಪಾಯಿಕ ತೋರಸ್ತಿದ್ದಿಲ್ರಿ” ಎಂದೆ.

“ಮತ್ತ ನಾವು ಹೋಗೂದ್ರಾಗ ಹಾರಿ ಹೋದ್ರ? ಅರ್ಧಾನರ ವಾಪಸ್ ಕೊಡ್ತಿಯೋ ಇಲ್ಲೋ?”

ನಾನು ಹಗ್ಗದಾಚೆಯ ಖಾಲಿ ಕರಿನೆಲವನ್ನು ತೋರಿಸಿದೆ. ನಿಮ್ಮ ರೊಕ್ಕದಿಂದ ಆ ನೆಲದಲ್ಲಿ ಯಾರೂ ಬಿತ್ತಿಲ್ಲ, ಅದಕ್ಕೇ ಹಕ್ಕಿ ಬಂದಿವೆ ಎಂದು ಹೇಳಿದೆ. ಅವರು ತುಸು ಹೊತ್ತು ನೋಡಿ, “ಬಿತ್ತದಿದ್ದಕ್ಕೂ ರೊಕ್ಕ ಕೊಡೂ ಕಾಲ ಬಂತು” ಎಂದು ನಕ್ಕು ಐದು ಟಿಕೆಟ್ ತೆಗೆದುಕೊಂಡರು.

ಆ ಬಿತ್ತದ ನೆಲದ ಬಗ್ಗೆಯೇ ಈ ಬರಹ.

ಅಣೆಕಟ್ಟೆಯ ಹಿನ್ನೀರು ಬಂದಾಗ ಈ ಊರಿನ ಒಳ್ಳೆಯ ಹೊಲಗಳೆಲ್ಲ ಮುಳುಗಿದವು. ಪರಿಹಾರ ಬಂತು, ಊರು ದಿನ್ನೆಯ ಮೇಲಕ್ಕೆ ಹೋಯಿತು. ಕಾಗದದಲ್ಲಿ ಆ ಹೊಲಗಳು ಈಗ ಯಾರವೂ ಅಲ್ಲ. ಆದರೆ ಪ್ರತಿ ವರ್ಷ ಸಂಕ್ರಾಂತಿಯ ಆಜೂಬಾಜು ನೀರು ಇಳಿಯತೊಡಗಿದಾಗ ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ಹಳೆಯ ಹೊಲಕ್ಕೇ ಹೋಗುತ್ತಾರೆ. ಕೆಸರಿನಲ್ಲಿ ಹೂತ ಬಾಂದಗಲ್ಲು ಹುಡುಕಿ, ಒಡ್ಡಿನ ಮೇಲಿದ್ದ ಬೇವಿನ ಬೊಡ್ಡೆ ನೋಡಿ, ತಮ್ಮ ಗಡಿ ತಾವು ಹಿಡಿದು ಕಡಲೆಯನ್ನೋ ಜೋಳವನ್ನೋ ಬಿತ್ತುತ್ತಾರೆ. ಮಳೆಗಾಲದಲ್ಲಿ ಅದು ಮತ್ತೆ ಮುಳುಗುತ್ತದೆ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತುವ ಕೂರಿಗೆ ಇಡುವುದಿಲ್ಲ. ಕಾಗದ, ಕೋರ್ಟು ಯಾವುದೂ ಇಲ್ಲದೆ ಇಷ್ಟು ವರ್ಷ ಇದು ನಡೆದುಬಂದಿದೆ. ಇರುವುದು ಒಂದೇ ಕಟ್ಟಳೆ. ಎರಡು ಹಂಗಾಮು ಬಿತ್ತದೆ ಬಿಟ್ಟರೆ ಹೊಲ ಬಿಟ್ಟುಕೊಟ್ಟಂತೆ.

ಹಕ್ಕಿಗೆ ಬೇಕಾದದ್ದೂ ಇದೇ ನೆಲ. ನದಿ ರೀವ ಎಂದು ಪುಸ್ತಕದಲ್ಲಿ ಬರೆಯುವ, ಊರವರು ಹೊಳೆಹಕ್ಕಿ ಎನ್ನುವ ಹಕ್ಕಿ ಅದು. ಕರಿ ಟೊಪ್ಪಿಗೆ, ಹಳದಿ ಕೊಕ್ಕು, ಕವಲು ಬಾಲ. ಮಾರ್ಚ್ ತಿಂಗಳಲ್ಲಿ ನೀರಿಗೆ ಹತ್ತಿರದ ಬರಿನೆಲದಲ್ಲಿ ಮೊಟ್ಟೆ ಇಡುತ್ತದೆ. ಗೂಡು ಎಂದರೆ ಅಂಗೈಯಷ್ಟು ತಗ್ಗು, ಅಷ್ಟೇ. ಪೈರು ನಿಂತ ಹೊಲಕ್ಕೆ ಅದು ಇಳಿಯುವುದಿಲ್ಲ.

ಸಮಿತಿಯ ಅಧ್ಯಕ್ಷರು ನಿವೃತ್ತ ಮಾಸ್ತರರು. ಶುಲ್ಕದ ಯೋಚನೆ ಅವರದೇ. ನೀರಿನ ಅಂಚಿಗಿದ್ದ ಮೂರು ಮನೆಯ ಹೊಲಗಳನ್ನು ಬಿತ್ತದೆ ಬಿಡಿಸುವುದು, ಬೆಳೆಯ ಬದಲಿಗೆ ಆ ಮೂರು ಮನೆಗೆ ಪ್ರವೇಶ ಶುಲ್ಕದಲ್ಲಿ ಪಾಲು ಕೊಡುವುದು. ನಾನು ಕೆಲಸ ಕೇಳಲು ಹೋದಾಗ ನನ್ನ ಡೈರಿ ತೆಗೆದುಕೊಂಡು ಹತ್ತು ಹಾಳೆ ಓದಿದರು. ಬನಹಟ್ಟಿಯ ನಮ್ಮ ಮನೆಯ ಮಾಳಿಗೆಗೆ ಬರುತ್ತಿದ್ದ ಗುಬ್ಬಿಗಳ ಲೆಕ್ಕ ಅದರಲ್ಲಿತ್ತು.

“ನಲವತ್ತ ವರ್ಷ ಸಾಲಿ ಕಲಿಸೇನಿ, ಇಷ್ಟ ಅಚ್ಚುಕಟ್ಟ ಯಾರೂ ಬರದಿದ್ದಿಲ್ಲ ತಂಗಿ” ಎಂದರು. ಆ ಮಾತನ್ನು ಅದೇ ದಿನ ಡೈರಿಯಲ್ಲಿ ಬರೆದುಕೊಂಡೆ. ನನ್ನ ಬರಹವನ್ನು ಅಷ್ಟು ಗಮನವಿಟ್ಟು ಓದಿದ ಮೊದಲನೆಯವರು ಅವರು.

ಮೊದಲ ವರ್ಷದ ಜನವರಿಯಲ್ಲಿ ಮೂರೂ ಮನೆಯವರನ್ನು ಊರ ಕಟ್ಟೆಗೆ ಕರೆದರು. ನನ್ನ ಸೋದರಮಾವ, ಅಂದರೆ ಮಾಮಾ, ಅವರಲ್ಲೊಬ್ಬ. ಇನ್ನೊಬ್ಬರು ಪಕ್ಕದ ಹೊಲದ ಕಾಕಾ, ನಾಲಿಗೆ ಚೂಪಾದ ಮನುಷ್ಯ. ಮೂರನೆಯದು ಮಾತು ಕಡಿಮೆಯ ಅಣ್ಣತಮ್ಮಂದಿರ ಮನೆ. ಊರ ಹಿರಿಯರೂ ಕೂತಿದ್ದರು.

ಮಾಮಾನ ಹೆಂಡತಿ, ನನ್ನ ಅತ್ತೆ, ಹೆಂಗಸರ ಸಾಲಿನಿಂದಲೇ ಕೇಳಿದಳು. “ಎರಡ ಹಂಗಾಮ ಬಿತ್ತದಿದ್ರ ಹೊಲ ಹೋತು ಅಂತಾರ್ರಿ ಸರ್. ಅದಕ ಏನ್ ಹೇಳ್ತೀರಿ?”

“ಆ ಮಾತೆಲ್ಲಾ ಎಲಿಯೊಳಗ ಬಂತು ತಗೊಳವಾ” ಎಂದರು ಅಧ್ಯಕ್ಷರು. “ಎಲಿ ಹಿಡದ ಮ್ಯಾಲ ಬಿತ್ತದಿದ್ದದ್ದು ಹಕ್ಕಿಗೆ ಬಿಟ್ಟಂಗ, ಹೊಲ ಬಿಟ್ಟಂಗ ಅಲ್ಲ.”

ಮಾತು ಗಟ್ಟಿ ಮಾಡಲು ಹಿತ್ತಾಳೆ ತಟ್ಟೆಯಲ್ಲಿ ಐದೈದು ವೀಳ್ಯದೆಲೆ, ಎರಡೆರಡು ಅಡಿಕೆಯ ಮೂರು ಪಾಲು ಇದ್ದವು. ಅಧ್ಯಕ್ಷರು ತಟ್ಟೆ ಎತ್ತಿಕೊಂಡರು, ಒಂದು ಗಳಿಗೆ ಹಿಡಿದು ನಿಂತರು, ಆಮೇಲೆ ನನ್ನತ್ತ ಚಾಚಿದರು. “ನಮ್ಮ ಕಾರ್ಯದರ್ಶಿ ಕೊಡ್ಲಿ. ಊರ ಮಗಳ ಮಗಳು. ಇಕಿ ಕೈಯಿಂದ ಹೋದ್ರ ಛಲೋ.”

ನಾನು ಕೊಟ್ಟೆ. ಮಾಮಾ ಎರಡೂ ಕೈ ಚಾಚಿ ತೆಗೆದುಕೊಂಡ. ಅವನ ಕಣ್ಣು ತುಂಬಿದ್ದನ್ನು ನೋಡಿ ನನಗೆ ಸೋಜಿಗವಾಯಿತು. ಬನಹಟ್ಟಿಯಲ್ಲಿ ನೂಲಿನ ವ್ಯವಹಾರ ಫೋನಿನಲ್ಲೇ ಆಗುತ್ತದೆ. ಎಲೆ ಅಡಿಕೆ ಮದುವೆಗೆ, ಊಟದ ಮೇಲೆ ಬಾಯಿಗೆ. ತಟ್ಟೆ ಹಿಡಿಯುವ ಮಾನ ನನಗೆ ಕೊಟ್ಟರು ಎಂದಷ್ಟೇ ತಿಳಿದೆ.

ಎರಡು ಹಂಗಾಮು ಕೆಲಸ ಚೆನ್ನಾಗಿ ನಡೆಯಿತು. ಮಾರ್ಚ್ ಬಂತೆಂದರೆ ಬಿಸಿಲೇರುವ ಮೊದಲೇ ಮೂರು ಹೊಲವನ್ನೂ ಸುತ್ತುತ್ತಿದ್ದೆ. ಗೂಡು ಕಂಡಲ್ಲಿ ನಾಲ್ಕು ಹೆಜ್ಜೆ ಬಿಟ್ಟು, ಯಾವಾಗಲೂ ಉತ್ತರದ ದಿಕ್ಕಿಗೆ, ಸಂಖ್ಯೆ ಬರೆದ ಒಂದು ಹತ್ತಿಕಟ್ಟಿಗೆ ಚುಚ್ಚುತ್ತಿದ್ದೆ. ಗೂಡಿನ ಪಕ್ಕಕ್ಕೇ ಚುಚ್ಚಿದರೆ ಕಾಗೆಗೆ ಗುರುತು ಸಿಗುತ್ತದೆ ಎಂದು ಮೊದಲ ವಾರದಲ್ಲಿ ಐದು ಗೂಡು ಕಳೆದುಕೊಂಡ ಮೇಲೆ ಗೊತ್ತಾಗಿತ್ತು. ಮೊಟ್ಟೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ತಾಯಿ ಎದ್ದು ಹೋದರೆ ಆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಬಂದವರನ್ನು ಹಗ್ಗದ ಈಚೆ ನಿಲ್ಲಿಸಿ ದುರ್ಬೀನು ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಕುರಿಹಿಂಡೊಂದು ಹೊಲದ ನಡುವೆ ದಾಟಿ ಒಂಬತ್ತು ಗೂಡು ತುಳಿದುಹೋಯಿತು. ಆ ಕುರುಬರನ್ನು ಹುಡುಕಿಕೊಂಡು ಹೋಗಿ, ಹಿಂಡು ನೀರಿಗೆ ಇಳಿಯುವ ದಾರಿಯನ್ನು ಬೇವಿನ ಬೊಡ್ಡೆಯ ಆಚೆಗೆ ಬದಲಿಸಿಕೊಳ್ಳಲು ಒಪ್ಪಿಸಿದೆ. ಮುಂದೆ ಅವರು ತಪ್ಪಲಿಲ್ಲ.

ಮೊದಲ ವರ್ಷ ಇಪ್ಪತ್ಮೂರು ಗೂಡು, ಎರಡನೆಯ ವರ್ಷ ಅರವತ್ತೊಂದು. ಟಿಕೆಟ್ ಖೋಲಿಯ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಿನಾ ಲೆಕ್ಕ ಬರೆಯುತ್ತಿದ್ದೆ. ಎರಡನೆಯ ವರ್ಷದ ಕೊನೆಗೆ ಪ್ರತಿ ಗೂಡನ್ನೂ ಗುರುತಿಸಿದ ಒಂದು ನಕ್ಷೆ ಮಾಡಿ ಅಧ್ಯಕ್ಷರಿಗೆ ಕೊಟ್ಟೆ. ಮೂರು ಮನೆಗೂ ಶುಲ್ಕದ ಪಾಲು ಹೊತ್ತಿಗೆ ಸರಿಯಾಗಿ ಮುಟ್ಟಿತು. ಇದನ್ನು ಹೇಳಲೇಬೇಕು. ರೊಕ್ಕದಲ್ಲಿ ಎಳ್ಳಷ್ಟೂ ಹೆಚ್ಚುಕಡಿಮೆ ಆಗಲಿಲ್ಲ. ಮೋಸ ಆದದ್ದು ಬೇರೆ ಕಡೆ.

ಆ ದಿನಗಳಲ್ಲಿ ಸಂಜೆ ಊಟವಾದ ಮೇಲೆ ಮಾಮಾನಿಗೆ ಎಲೆ ಮಡಚಿ ಕೊಡುವುದು ನನ್ನ ಪಾಲಿಗೆ ಬಂದಿತ್ತು. ಸುಣ್ಣ ಎಷ್ಟು, ಅಡಿಕೆ ಎಷ್ಟು ಎಂದು ಅವನೇ ಕಲಿಸಿದ್ದ. “ಲೆಕ್ಕದಾಕಿ ಅಂತೀ, ಸುಣ್ಣದ ಲೆಕ್ಕ ಇನ್ನೂ ಬರವಲ್ದು ನಿನಗ” ಎಂದು ದಿನಾ ಛೇಡಿಸುತ್ತಿದ್ದ.

ಮೂರನೆಯ ಜನವರಿಯಲ್ಲಿ, ನೀರು ಇಳಿದು ಮಾಮಾನ ಹೊಲದ ಬಾಂದಗಲ್ಲು ತಲೆ ಎತ್ತಿದ ವಾರವೇ, ಅಧ್ಯಕ್ಷರು ಕಟ್ಟೆಯ ಮೇಲೆ ಸಭೆ ಕರೆದರು. ಅವರ ಕೈಯಲ್ಲಿ ನನ್ನ ನಕ್ಷೆ ಇತ್ತು.

“ನಮ್ಮ ತಂಗಿ ಅಗದಿ ಛಲೋ ನಕಾಶಿ ಮಾಡ್ಯಾಳ” ಎಂದು ಶುರು ಮಾಡಿದರು. “ಹಕ್ಕಿ ಎಲ್ಲಿ ಭಾಳ ಕೂಡ್ತಾವು ಅನ್ನೂದು ಇದರಾಗ ಸ್ವಚ್ಛ ಐತಿ. ಜನ ಅಲ್ಲೇ ನಿಂತ ನೋಡಬೇಕು. ದೂರದಿಂದ ದುರ್ಬೀನು ಹಿಡಿ ಅಂದ್ರ ಯಾರ ಬರ್ತಾರ? ಅಲ್ಲಿ ಮೊರಂ ಹಾಕಿ ಎತ್ತರಿಸಿ, ಒಂದ ಕಟ್ಟಿ ಕಟ್ಟೂದು. ಬಾಜೂಕ ಗಾಡಿ ನಿಲ್ಲಾಕ ಜಾಗಾ. ಮಂದಿ ಬಂದ್ರ ರೊಕ್ಕ, ರೊಕ್ಕ ಇದ್ರ ಹಕ್ಕಿ.”

ಅವರ ಬೆರಳು ನಕ್ಷೆಯ ಮೇಲೆ ಇದ್ದದ್ದು ಮಾಮಾನ ಹೊಲದ ನಟ್ಟನಡುವೆ. ಮೊರಂ, ಅಂದರೆ ಗರಸು ಮಣ್ಣು, ಸುರಿದು ಎತ್ತರಿಸಿದ ನೆಲ ಮುಂದೆ ಹೊಲವೂ ಅಲ್ಲ, ಗೂಡೂ ಅಲ್ಲ. ನಾನು ಎದ್ದು ನಿಂತು, “ಸರ್, ಅಲ್ಲಿ ಮಂದಿ ನಿಂತ್ರ ಒಂದೂ ಹಕ್ಕಿ ಕೂಡೂದಿಲ್ರಿ. ಅವು ಬರೂದ ನೆಲ ಖಾಲಿ ಐತಿ ಅಂತ” ಎಂದೆ. “ನೀ ಕೂಡವಾ, ಅವು ರೂಢಿ ಆಕ್ಕಾವು” ಎಂದರು ಅಧ್ಯಕ್ಷರು.

ಮಾಮಾ ಮೆಲ್ಲಗೆ ಕೇಳಿದ. “ಅದು ನಮ್ಮ ಹೊಲಾ ಅಲ್ರೀ ಸರ್?”

“ಕಾಗದದಾಗ ನಿಮ್ಮದಲ್ಲ. ಅದು ನಿಮಗೂ ಗೊತ್ತೈತಿ. ಊರ ಪದ್ಧತಿ ಪ್ರಕಾರ ಹೇಳ್ರಿ ಅಂದ್ರ, ಎರಡ ಹಂಗಾಮ ನೀವು ಬಿತ್ತಿಲ್ಲ.”

“ಬಿತ್ತಬ್ಯಾಡ್ರಿ ಅಂದವರ ನೀವಲ್ರಿ! ಎಲಿ ಕೊಟ್ಟೀರಿ.”

“ನಾ ಕೊಟ್ಟೇನ್ಯಾ?” ಅಧ್ಯಕ್ಷರು ಎರಡೂ ಅಂಗೈ ತೆರೆದು ತೋರಿಸಿದರು. “ನೆನಪ ಮಾಡ್ಕೋರಿ. ಎಲ್ಲಾರೂ ಇಲ್ಲೇ ಇದ್ರಿ. ಎಲಿ ಯಾರ ಕೈಯಿಂದ ಹೋತು?”

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

“ಎಲಿ ಕೊಟ್ಟಾಕಿ ಇಕಿ. ಮಾತ ಇಕೀದು. ಇಕಿ ಸಮಿತಿ ಪಗಾರದಾಕಿ, ಸಮಿತಿ ಪರವಾಗಿ ಹೊಲದ ಮಾತ ಕೊಡು ಅಂತ ನಾವು ಹೇಳಿದ್ದಿಲ್ಲ. ಹುಡುಗಿ, ತಿಳೀಲಿಲ್ಲ, ಕೊಟ್ಟಳು. ಏನ್ ಮಾಡೂದು?” ಅಧ್ಯಕ್ಷರು ನನ್ನನ್ನು ನೋಡಿ ನಕ್ಕರು. ಮೊದಲ ದಿನ ಡೈರಿ ಓದಿ ನಕ್ಕಿದ್ದ ನಗೆಯೇ. ಅದರಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಕಾಕಾ ನನ್ನ ಜೊತೆ ನಡೆದರು. ಆಗ ಅವರು ಹೇಳಿದ್ದನ್ನು ಡೈರಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ. ಈ ಊರಲ್ಲಿ ಎಲೆ ಯಾರ ಕೈಯಿಂದ ಹೋಗುತ್ತದೋ ಮಾತು ಅವರದು. ಎಲೆ ಯಾರು ತಂದರು, ತಟ್ಟೆ ಯಾರದು, ಹಿಂದೆ ಯಾರು ನಿಂತಿದ್ದರು ಎಂದು ಕೇಳುವ ಹಾಗಿಲ್ಲ.

“ನಿನಗ ಗೊತ್ತಿದ್ದಿಲ್ಲ. ನಮಗ ಗೊತ್ತಿತ್ತು” ಎಂದರು ಕಾಕಾ. “ಅವತ್ತ ಆ ಮನಷ್ಯಾನ ಕೈ ಯಾಕ ಖಾಲಿ ಉಳದ್ವು ಅಂತ ನಾವ ಕೇಳಬೇಕಿತ್ತು. ಕೇಳಲಿಲ್ಲ. ಯಾಕ ಹೇಳು? ನಿಮ್ಮ ಮಾಮಾ ಹಿಗ್ಗಿ ಹೀರೇಕಾಯಿ ಆಗಿದ್ದ. ನಮ್ಮ ಹುಡುಗಿ ಮಾತ ಕೊಟ್ಟಾಳ, ಇನ್ನೇನ ಬೇಕ ಅಂತ.”

ಮಾಮಾನ ಕಣ್ಣು ಅಂದು ಯಾಕೆ ತುಂಬಿತ್ತೆಂದು ನನಗೆ ಆಗ ತಿಳಿಯಿತು.

ಮರುದಿನ ಅಧ್ಯಕ್ಷರ ಮನೆಗೆ ಹೋದೆ. ಚಹಾ ಕೊಡಿಸಿದರು. “ತಟ್ಟೆ ನನ್ನ ಕೈಗೆ ಕೊಟ್ಟಾಗ ನಿಮಗ ಗೊತ್ತಿತ್ತೇನ್ರಿ ಸರ್?” ಎಂದು ನೇರ ಕೇಳಿದೆ. ಅವರು ಬಶಿಗೆ ಚಹಾ ಸುರಿದುಕೊಂಡು ಊದುತ್ತ ಕೂತರು. “ಸಂಸ್ಥಾ ನಡಸೂದ ಅಂದ್ರ ಎಲ್ಲಾ ಕಡೆ ಬಾಗಿಲಾ ತೆಗದ ಇಟ್ಟಿರಬೇಕು ತಂಗಿ” ಎಂದರು. ಸುಳ್ಳು ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಅಚ್ಚುಕಟ್ಟು ಬರಹಕ್ಕೋ, ಈ ಊರಿನ ಪದ್ಧತಿ ಗೊತ್ತಿಲ್ಲದ ಕೈಗಳು ಬೇಕಾಗಿದ್ದಕ್ಕೋ? ಚಹಾ ಕುಡಿಯದೆ ಎದ್ದು ಬಂದೆ.

ಗುದ್ದಲಿ ಪೂಜೆಯ ದಿನ ಗೊತ್ತಾಯಿತು. ಎರಡು ದಿನ ಮೊದಲೇ ಒಂದು ಟಿಪ್ಪರ್ ಮೊರಂ ಮಾಮಾನ ಹೊಲದ ಅಂಚಿಗೆ ಬಿತ್ತು. ಮಾಮಾ ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದ. ಕೂರಿಗೆ ಒರೆಸಿ ಗೋಡೆಗೆ ಆನಿಸುವುದು, ಮತ್ತೆ ತೆಗೆದು ಒರೆಸುವುದು, ಇಷ್ಟೇ. ಅತ್ತೆ ರೊಟ್ಟಿ ಬಡಿಯುತ್ತ ಒಮ್ಮೆ ಅಂದಳು: “ಮುಳಗಿದ ಹೊಲ ವರ್ಷಾ ವರ್ಷಾ ಎದ್ದ ಬರ್ತಿತ್ತು. ಮೊರಂ ಬಿದ್ದದ್ದು ಇನ್ನ ಏಳೂದಿಲ್ಲ.”

ಅಂದು ಸಂಜೆ ಕಾಕಾನ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ. “ಕೊಟ್ಟ ಎಲಿ ತಿರುಗಿ ತಗೋಬಹುದೇನ್ರಿ ಕಾಕಾ?”

ಕಾಕಾ ಬೀಡಿ ಕೆಳಗಿಟ್ಟರು. “ತಗೋಬಹುದು. ಕೊಟ್ಟವರ ತಗೋಬೇಕು, ಬ್ಯಾರೇದವರ ಕೈಲೆ ಆಗೂದಿಲ್ಲ. ಅದ ಮಂದಿ ಮುಂದ, ಇಸಗೊಂಡವರ ಕೈಯಿಂದ. ಎಲಿ ತಿರುಗಿತು ಅಂದ್ರ ಎಲಿಗಿಂತ ಮೊದಲ ಹೆಂಗಿತ್ತೋ ಹಂಗ.”

“ಎರಡ ಹಂಗಾಮ ಬಿತ್ತದಿದ್ದದ್ದು?”

“ಅದು ಎಲಿ ಹಿಡಕೊಂಡು ಬಿತ್ತದಿದ್ದದ್ದು, ಲೆಕ್ಕಕ್ಕಿಲ್ಲ. ನೀವು ಕೊಟ್ಟದ್ದು ನಾವು ಉಂಡೇವಿ, ನಾವು ಬಿಟ್ಟದ್ದು ಹಕ್ಕಿ ಉಂಡಾವ. ಸರಿಗೆ ಸರಿ.” ಬೀಡಿ ಮತ್ತೆ ಎತ್ತಿಕೊಂಡು ಸೇರಿಸಿದರು. “ಖರೆ, ಒಂದ ಐತಿ. ಎಲಿ ತಿರುಗಿ ಇಸಗೊಂಡವರ ಕೈಯಿಂದ ಈ ಊರಾಗ ಮತ್ತ ಯಾರೂ ಎಲಿ ಹಿಡಿಯೂದಿಲ್ಲ. ಕಡೀತನಕ. ಅದಕ ಯಾರೂ ತಿರುಗಿ ತಗೊಳ್ಳೂದಿಲ್ಲ.”

ಆ ರಾತ್ರಿ ಡೈರಿಯಲ್ಲಿ ಎರಡು ಸಾಲು ಬರೆದೆ. ಎಲೆ ತಿರುಗಿದರೆ ಹೊಲ ಉಳಿಯುತ್ತದೆ, ಅಲ್ಲಿ ಬಿತ್ತುತ್ತಾರೆ, ಹಕ್ಕಿ ಬರುವುದಿಲ್ಲ. ತಿರುಗದಿದ್ದರೆ ಮೊರಂ ಬೀಳುತ್ತದೆ, ಹೊಲವೂ ಇಲ್ಲ, ಹಕ್ಕಿಯೂ ಇಲ್ಲ. ಎರಡು ವರ್ಷ ಮಾಡಿದ ಕೆಲಸ ಎರಡೂ ಸಾಲಿನಲ್ಲಿ ಇರಲಿಲ್ಲ. ಆದರೆ ಒಂದು ಅಂಶವನ್ನು ಅಧ್ಯಕ್ಷರು ಗಮನಿಸಿರಲಿಲ್ಲ. ಮಾತು ತಮ್ಮದಲ್ಲ, ನನ್ನದು ಎಂದು ಅವರೇ ಊರ ಮುಂದೆ ಹೇಳಿದ್ದರು. ನನ್ನದಾದರೆ ತಿರುಗಿಸುವುದಕ್ಕೂ ನನಗೊಬ್ಬಳಿಗೇ ಬರುತ್ತಿತ್ತು.

ಪೂಜೆಯ ದಿನ ಹೊಲದ ಅಂಚಿಗೆ ಶಾಮಿಯಾನ ಹಾಕಿದ್ದರು. ಹೊರಗಿನ ಅತಿಥಿಗಳು, ಊರ ಹಿರಿಯರು, ಎಲ್ಲರೂ ಇದ್ದರು. ಗುದ್ದಲಿಗೆ ಕುಂಕುಮ ಹಚ್ಚಿ, ಇನ್ನೇನು ಕಾಯಿ ಒಡೆಯಬೇಕು ಎನ್ನುವಾಗ ಅತ್ತೆಯ ಹಿತ್ತಾಳೆ ತಟ್ಟೆ ಹಿಡಿದು ನಾನು ಮುಂದೆ ಹೋದೆ. ಹಿಂದೆ ಮೂರು ಮನೆಯವರು. ಅವರ ಕೈಯಲ್ಲಿ ಐದೈದು ಎಲೆ, ಎರಡೆರಡು ಅಡಿಕೆ.

ಊರ ಹಿರಿಯರ ಕಡೆ ತಿರುಗಿ ಹೇಳಿದೆ. “ಹೋದ ಹೋದ ವರ್ಷ ಇವರ ಕೈಗೆ ನಾ ಎಲಿ ಕೊಟ್ಟಿದ್ದೆ. ಆ ಮಾತ ನಡಸಾಕ ನನ್ನ ಕೈಲೆ ಆಗಲಿಲ್ಲ. ಎಲಿ ತಿರುಗಿ ತಗೊಳ್ಳಾಕತ್ತೇನಿ.”

“ಏನ್ ತಂಗಿ ಇದು ನಾಟಕ?” ಅಧ್ಯಕ್ಷರು ಅತಿಥಿಗಳ ಕಡೆ ನೋಡಿ ನಕ್ಕರು. “ನೀ ಯಾರ ಎಲಿ ತಿರುಗಿಸಾಕ?”

“ಆವತ್ತ ಕಟ್ಟಿಮ್ಯಾಲ ನೀವ ಹೇಳಿದ್ರಲ್ರಿ ಸರ್, ಎಲಿ ಕೊಟ್ಟಾಕಿ ಇಕಿ, ಮಾತ ಇಕೀದು ಅಂತ” ಎಂದರು ಕಾಕಾ. “ಊರ ಮಂದಿ ಎಲ್ಲಾ ಕೇಳ್ಯಾರ. ಇವತ್ತ ನಿಮ್ಮದ ಅಂತೀರೇನು? ಅನ್ರಿ. ಹಂಗಾದ್ರ ನಿಮ್ಮ ಮಾತ ನೀವ ನಡಸ್ರಿ, ಮೊರಂ ಎತ್ತಸ್ರಿ.”

ಶಾಮಿಯಾನದೊಳಗಿನಿಂದ ಒಬ್ಬ ಹಿರಿಯರು, “ಖರೆ ಐತಿ” ಎಂದರು. ಇನ್ನೊಬ್ಬರು, “ತಿರುಗಲಿ” ಎಂದರು.

ಮೊದಲು ಕಾಕಾ, ಆಮೇಲೆ ಅಣ್ಣತಮ್ಮಂದಿರು ತಟ್ಟೆಯಲ್ಲಿ ಎಲೆ ಇಟ್ಟರು. ಮಾಮಾ ಮುಂದೆ ಬರಲಿಲ್ಲ. ಎಲೆ ಹಿಡಿದ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದ. “ಯವ್ವಾ, ಬ್ಯಾಡ. ನಿನಗ ಕೆಟ್ಟ ಹೆಸರ ಬರತೈತಿ” ಎಂದ. ಅತ್ತೆ ಅವನ ಮೊಳಕೈ ಹಿಡಿದು ಮುಂದೆ ತಂದಳು. ಅವನು ಎಲೆ ಇಡುವಾಗ ತಟ್ಟೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಜನ ಚದುರಿದ ಮೇಲೆ ಅಧ್ಯಕ್ಷರು ನನ್ನ ಪಕ್ಕಕ್ಕೆ ಬಂದು, ಬೇರೆ ಯಾರಿಗೂ ಕೇಳದಂತೆ ಹೇಳಿದರು. “ಹೊಲಾ ಉಳಿಸಿದಿ. ಛಲೋ ಆತು. ನಿನ್ನ ಹಕ್ಕಿ?”

ಆ ಹಕ್ಕಿಗಳ ಹೆಸರಿನಲ್ಲಿ ಹೀಗೆ ಮಾಡಿದವರೇ ಆ ಪ್ರಶ್ನೆ ಕೇಳುವ ಹಾಗಾಯಿತಲ್ಲ ಎಂದು ಮೈ ಉರಿಯಿತು. ಖೋಲಿಯ ಬೀಗದ ಕೈ, ದುರ್ಬೀನು, ಟಿಕೆಟ್ ಪುಸ್ತಕ ಅಲ್ಲೇ ಅವರ ಕೈಗಿಟ್ಟೆ.

ಮಾಮಾ ಅದೇ ಮಧ್ಯಾಹ್ನ ಕೂರಿಗೆ ಹೂಡಿದ. ಆ ಹಸಿ ನೆಲದಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತದೆ, ಎತ್ತೇ ಬೇಕು. ಅತ್ತೆ ಕೂರಿಗೆಯ ಬಟ್ಟಲಿಗೆ ಕಡಲೆ ಬಿಡುತ್ತ ಹಿಂದೆ ನಡೆದಳು. ಕಡಲೆಗೆ ಹೊತ್ತು ಮೀರಿತ್ತು, ಆದರೂ ಬಿತ್ತಿದರು. ಹಿಂದಿನ ವರ್ಷ ಹದಿನೇಳು ಗೂಡಿದ್ದ ಬೇವಿನ ಬೊಡ್ಡೆಯ ಬದಿಯ ನೆಲದ ಮೇಲೆ ಕೂರಿಗೆ ಹಾಯುವುದನ್ನು ನೋಡುತ್ತ ನಿಂತೆ. ಆ ಒಂದು ಮೂಲೆ ಬಿಡು ಎಂದು ಮಾಮಾನನ್ನು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು.

ಪಕ್ಕದ ಹೊಲದಿಂದ ಕಾಕಾ ಕೂಗಿದರು. “ಯಾಕ ನಿಂತಿ ಬೇ? ಮತ್ತೊಂದ ಎಲಿ ಕೊಡ್ತಿಯೇನು?”

ಅವರೊಬ್ಬರೇ ನಕ್ಕರು. ಆ ಮೂಲೆಯನ್ನು ನಾನು ಬೇಡಲಿಲ್ಲ.

ಸಂಜೆ ಊಟವಾದ ಮೇಲೆ ಅತ್ತೆ ಎಲೆಯ ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡು ಮಾಮಾನಿಗೆ ತಾನೇ ಮಡಚಿ ಕೊಟ್ಟಳು. ಬೆಳಿಗ್ಗೆ ಬನಹಟ್ಟಿಯ ಬಸ್ಸು ಹತ್ತಿದೆ.

ಏಪ್ರಿಲ್ ತಿಂಗಳಲ್ಲಿ ಕಡಲೆ ಕೀಳಲು ಕೈ ಸಾಲದು ಎಂದು ಅತ್ತೆ ಫೋನ್ ಮಾಡಿದಾಗ ಮತ್ತೆ ಹೋದೆ. ಬಸ್ಸಿಳಿದು ಮೊದಲು ಟಿಕೆಟ್ ಖೋಲಿಯ ಕಡೆ ನಡೆದೆ. ವೀಕ್ಷಣೆಯ ಕಟ್ಟೆ ಅದರ ಪಕ್ಕಕ್ಕೇ, ದಿನ್ನೆಯ ಮೇಲೆ ಎದ್ದಿತ್ತು. ಶುಲ್ಕ ಮೂವತ್ತಾಗಿತ್ತು. ನನ್ನ ಹಲಗೆ ಅಲ್ಲೇ ಇತ್ತು. ಸೀಮೆಸುಣ್ಣದ ಬದಲಿಗೆ ಎಣ್ಣೆ ಬಣ್ಣದಲ್ಲಿ ಬರೆಸಿದ್ದರು: “ಈ ವರ್ಷದ ಗೂಡುಗಳು: ೬೧.”

ಅಧ್ಯಕ್ಷರೇ ಕೂತಿದ್ದರು. “ಬಾ ತಂಗಿ. ನಿನಗ್ಯಾಕ ಟಿಕೆಟ್? ಹೋಗ, ನೋಡ್ಹೋಗ” ಎಂದರು. ಅವರ ದನಿಯಲ್ಲಿ ಅದೇ ಪ್ರೀತಿ. ಮೂವತ್ತು ರೂಪಾಯಿ ಮೇಜಿನ ಮೇಲಿಟ್ಟು ನಿಂತೆ. ಅವರು ಟಿಕೆಟ್ ಹರಿದು ಕೊಟ್ಟರು. ಹಿಂದೆ ನನ್ನ ಸಾಲು ಹಾಗೆಯೇ ಇತ್ತು: “ಹಕ್ಕಿಗಳಿಗೆ ಬಿಟ್ಟ ನೆಲ ಹಾಗೆಯೇ ಉಳಿಯುತ್ತದೆ.”

“ಆ ಅರವತ್ತೊಂದು ಈ ವರ್ಷದ್ದಲ್ರಿ ಸರ್” ಎಂದೆ.

“ಬಣ್ಣದಾಗ ಬರಸೇವಿ, ಹೆಂಗ ಅಳಸೂದು?” ಎಂದರು.

ಮೂರು ಹೊಲವನ್ನೂ ಮೊದಲಿನ ಹಾಗೆಯೇ ಸುತ್ತಿದೆ. ಪೈರಿನ ಸಾಲುಗಳ ನಡುವೆ, ನೀರಿನ ಅಂಚಿಗೆ, ಯಾರೂ ಎತ್ತದೆ ಉಳಿದ ಮೊರಂ ಗುಡ್ಡೆಯ ಮೇಲೆ ಕೂಡ ನೋಡಿದೆ. ನಾಲ್ಕು ಹೊಳೆಹಕ್ಕಿಗಳು ಮೇಲೆ ಸುತ್ತು ಹೊಡೆದು, ಇಳಿಯದೆ, ಹೊಳೆಗುಂಟ ಕೆಳಗೆ ಹೋದವು. ಡೈರಿಯಲ್ಲಿ ದಿನಾಂಕದ ಮುಂದೆ ಸೊನ್ನೆ ಬರೆದೆ.

ಆ ದಿನವಿಡೀ ಕಡಲೆ ಕಿತ್ತೆವು. ಕಾಕಾ ಪಕ್ಕದ ಹೊಲದಿಂದ ಇನ್ನೂ ಹಸಿರಿದ್ದ ಹುಳಿಕಡಲೆಯ ಒಂದು ಕಟ್ಟು ಎಸೆದು, “ತಗೋ, ಲೆಕ್ಕಕ್ಕ ಬರಕೋಬ್ಯಾಡ” ಎಂದರು.

ಸಂಜೆ ಊಟವಾಯಿತು. ಅತ್ತೆ ಎಂದಿನಂತೆ ಎಲೆಯ ತಟ್ಟೆ ಎಳೆದುಕೊಂಡಳು. ಮಾಮಾ ಗೋಡೆಗೆ ಒರಗಿ ಕೂತಿದ್ದ. ಹೊರಗೆ ಕಟ್ಟೆಯ ಮೇಲೆ ನೆರೆಯ ಮೂರ್ನಾಲ್ಕು ಮಂದಿ ಕೂತಿದ್ದರು, ಬಾಗಿಲು ತೆರೆದೇ ಇತ್ತು.

“ನೀ ಬಿಡು” ಎಂದ ಮಾಮಾ ಅತ್ತೆಗೆ. ಆಮೇಲೆ ನನ್ನ ಕಡೆ ನೋಡದೆ ಹೇಳಿದ. “ಯವ್ವಾ, ಎಲಿ ಮಡಚು.”

ಅತ್ತೆ ಬಾಗಿಲಿನ ಕಡೆ ನೋಡಿ, ಮತ್ತೆ ಮಾಮಾನನ್ನು ನೋಡಿದಳು. ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಎರಡು ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿದೆ. ಒಮ್ಮೆ ಬಿಚ್ಚಿಕೊಂಡಿತು, ಮತ್ತೆ ಮಡಚಿದೆ. ಕೊಟ್ಟಾಗ ಅವನು ಅಂದಿನ ಹಾಗೆಯೇ ಎರಡೂ ಕೈ ಚಾಚಿ ತೆಗೆದುಕೊಂಡ. ಹೊರಗಿನ ಮಾತು ನಿಂತಿತು.

ಮಾಮಾ ಎಲೆಯನ್ನು ಬಾಯಿಗೆ ಹಾಕಿಕೊಂಡು, ಅಗಿದು, ಮುಖ ಸಿಂಡರಿಸಿದ.

“ಸುಣ್ಣ ಜಾಸ್ತಿ ಆತು” ಎಂದ.